ಊರ್ವಶಿ ಚಿಗುರುವ ತೋಟ

ಚಳಿ ಹಿಂದೆ ಸರಿದು ಮುಂಬೈಯ ಬಿಸಿಲಿಗೆ ಹೊಸ ಹೊಳಪು ಬರುವ ಹೊತ್ತಿಗೆ ಬೈಕುಲ್ಲಾದ ರಾಣಿಬಾಗಿನಲ್ಲಿ ಊರ್ವಶಿ ಚಿಗುರುತ್ತದೆ. ಮಾವು, ಹಲಸು ಚಿಗುರುವ ರೀತಿ ಬೇರೆ, ಇದರ ರೀತಿಯೇ ಬೇರೆ. ಕೊಂಬೆಯ ತುದಿಯಿಂದ ಇಡೀ ಒಂದು ಗೊಂಚಲು ಎಳೆ ಎಲೆಗಳು ಒಮ್ಮೆಗೇ ಹೊರಬಂದು, ಎದ್ದು ನಿಲ್ಲುವ ಕಸುವಿಲ್ಲದೆ, ನೆಲದ ಕಡೆಗೆ ಜೋತು ಬೀಳುತ್ತವೆ. ನೀರಲ್ಲಿ ಜಾಲಿಸಿ ನೆರಳಿನಲ್ಲಿ ಇಳಿಬಿಟ್ಟ ರೇಷ್ಮೆ ಸೆರಗಿನಷ್ಟು ಮೆತ್ತಗೆ, ಅಷ್ಟೇ ತೂಕವಾಗಿ. ಬಣ್ಣ ಮೊದಲ ನೋಟಕ್ಕೆ ಕಂದು. ಸ್ವಲ್ಪ ಹೊತ್ತು ನಿಂತರೆ ಆ ಕಂದಿನ ಒಳಗೆ ಮಾಸಲು ಗುಲಾಬಿ ಕಾಣುತ್ತದೆ. ಇನ್ನೂ ಸ್ವಲ್ಪ ನಿಂತರೆ, ಬಿಸಿಲು ಹಿಂದಿನಿಂದ ಬಿದ್ದ ಗಳಿಗೆಯಲ್ಲಿ, ಬೆಳಗಿದ ತಾಮ್ರ. ಕೆಲವು ದಿನ ಹೀಗೆ ತೂಗಿ, ಆಮೇಲೆ ಒಂದೊಂದಾಗಿ ಬಿಗಿಯಾಗಿ, ತಲೆಯೆತ್ತಿ, ಕೊನೆಗೆ ಹಸಿರಾಗುತ್ತವೆ. ಹಸಿರು ತುಂಬುವುದು ಇಲ್ಲಿ ಕಟ್ಟಕಡೆಯ ಕೆಲಸ.

ಹೂವಂತೂ ಇನ್ನೊಂದು ಲೋಕ. ಉದ್ದನೆಯ ಕೆಂಪು ತೊಟ್ಟಿನ ಗೊಂಚಲು ಎಲೆಗಳ ಕೆಳಗೆ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಒಂದೊಂದು ಹೂವೂ ಗೊಂಚಲಿನ ನಡುಗಡ್ಡಿಯಿಂದ ದೂರ ಚಾಚಿ, ಎರಡು ಕೆಂಪು ಪುಟಗಳ ನಡುವೆ ಅರಳುತ್ತದೆ. ದೊಡ್ಡ ದಳದ ತುದಿಗೆ ಹಳದಿಯ ಒಂದು ಅಗಲ ಬೊಟ್ಟು, ಅಕ್ಕಪಕ್ಕದ ದಳಗಳಿಗೂ ಅದೇ ಹಳದಿ. ಕೆಂಪು ಅಂದೆ, ಅದು ದಾಸವಾಳದ ಕೆಂಪಲ್ಲ, ಗುಲ್‌ಮೊಹರಿನ ಕೆಂಪೂ ಅಲ್ಲ. ಹವಳಕ್ಕೆ ಹತ್ತಿರ. ಗೊಂಚಲಿನ ಒಳಗೇ ಮೇಲಿನಿಂದ ಕೆಳಗಿನವರೆಗೆ ಅದು ಹದ ಬದಲಿಸುತ್ತ ಇಳಿಯುತ್ತದೆ. ಜಗತ್ತಿನ ಅತ್ಯಂತ ಚೆಲುವಾದ ಹೂಮರ ಇದೇ ಎಂದು ಹತ್ತೊಂಬತ್ತನೆಯ ಶತಮಾನದ ಸಸ್ಯಶಾಸ್ತ್ರಜ್ಞರು ಹೇಳುತ್ತಿದ್ದರು. ನನ್ನ ಒಪ್ಪಿಗೆಯೂ ಅದಕ್ಕಿದೆ.

ಶಾಸ್ತ್ರದಲ್ಲಿ ಇದರ ಹೆಸರು ಅಮ್ಹರ್ಸ್ಟಿಯಾ ನೋಬಿಲಿಸ್. ತವರು ಬರ್ಮಾ. 1827ರಲ್ಲಿ ಕಲ್ಕತ್ತಾದ ಸಸ್ಯೋದ್ಯಾನದ ಮುಖ್ಯಸ್ಥ ನಥಾನಿಯಲ್ ವಾಲಿಚ್ ಸಾಲ್ವಿನ್ ನದಿಯ ಬಳಿ ವಿಹಾರವೊಂದರ ತೋಟದಲ್ಲಿ ಈ ಮರವನ್ನು ಕಂಡರು; ಹತ್ತಿರದ ಗುಹೆಯಲ್ಲಿ ಬುದ್ಧನ ಮೂರ್ತಿಗಳ ಮುಂದೆ ಇದರ ಹೂಗಳನ್ನು ಹಿಡಿ ಹಿಡಿಯಾಗಿ ಇಡುತ್ತಿದ್ದರು. ಇಂಥ ಮರದ ಹೂವು ಪೂಜೆಯ ಹೂವೂ ಆಗಿತ್ತೆನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಅಲ್ಲಿಂದ ಮುಂದೆ ಇಂಗ್ಲೆಂಡಿನ ಶ್ರೀಮಂತರು ಇದಕ್ಕಾಗಿ ಹಂಬಲಿಸಿದರು. ಡೆವನ್‌ಶೈರ್‌ನ ಡ್ಯೂಕ್ ತನ್ನ ತೋಟಗಾರನನ್ನು ಹಡಗು ಹತ್ತಿಸಿ ಭಾರತಕ್ಕೇ ಕಳಿಸಿದ. ಗಾಜಿನ ಪೆಟ್ಟಿಗೆಯಲ್ಲಿ ಸಾಗರ ದಾಟಿದ ಸಸಿಗಳು ಎಷ್ಟೋ ವರ್ಷ ಎಲೆ ಬಿಟ್ಟವೇ ಹೊರತು ಹೂ ಬಿಡಲಿಲ್ಲ. 1849ರಲ್ಲಿ ಲಂಡನ್ನಿನ ಪಕ್ಕದ ಈಲಿಂಗ್‌ನಲ್ಲಿ, ಲಾರೆನ್ಸ್ ಎಂಬ ಹೆಣ್ಣುಮಗಳ ಗಾಜಿನ ಮನೆಯಲ್ಲಿ ಅದು ಯುರೋಪಿನ ಮೊದಲ ಹೂ ಬಿಟ್ಟಿತು. ಆ ಹೂವು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಹೋಯಿತು. ಇಷ್ಟೆಲ್ಲ ಪಾಡು ಯಾಕೆಂದರೆ ಈ ಮರ ಬೀಜ ಕಟ್ಟುವುದೇ ಅಪರೂಪ. ಗೂಟಿ ಕಟ್ಟಿ, ಬೇರು ಬರಿಸಿ, ಕಾದು ಕೂರಬೇಕು. ರಾಣಿಬಾಗಿನ ಊರ್ವಶಿಯ ಕೆಳಗೆ ನಿಂತಾಗ ನಾವು ನೋಡುತ್ತಿರುವುದು ಹಾಗೆ ಕಾದ ಕೈಗಳ ಕೆಲಸವನ್ನು.

ರಾಣಿಬಾಗ್ ಅಂದರೆ ಮುಂಬೈಯ ಮಕ್ಕಳಿಗೆ ಮೃಗಾಲಯ. ಮಾಟುಂಗಾ, ಸಯನ್, ಕುರ್ಲಾ, ಮುಲುಂಡಿನ ನಮ್ಮವರ ಮನೆಗಳಲ್ಲೂ ಊರಿಂದ ನೆಂಟರು ಬಂದರೆ ತೋರಿಸಲು ಕರೆದೊಯ್ಯುವ ಜಾಗ. ಹುಲಿ, 2017ರಿಂದ ಪೆಂಗ್ವಿನ್. ಜನ ಪಂಜರದಿಂದ ಪಂಜರಕ್ಕೆ ದಾಪುಗಾಲು ಹಾಕುತ್ತಾರೆ, ನಡುವಿನ ದಾರಿಯಲ್ಲಿ ತಲೆಯ ಮೇಲೆ ಬರ್ಮಾ, ಮಡಗಾಸ್ಕರ್, ಗಯಾನಾ, ಆಫ್ರಿಕಾ ಹರಡಿಕೊಂಡಿರುತ್ತವೆ. ಮೂರು ಸಾವಿರಕ್ಕೂ ಮಿಕ್ಕಿ ಮರಗಳು, 250ಕ್ಕೂ ಹೆಚ್ಚು ಜಾತಿಗಳು. ಇದು ಹುಟ್ಟಿದ್ದು ಸಸ್ಯೋದ್ಯಾನವಾಗಿ. ಪ್ರಾಣಿಗಳು ಬಂದದ್ದು ಸುಮಾರು ಮೂವತ್ತು ವರ್ಷದ ಬಳಿಕ, 1890ರ ಹೊತ್ತಿಗೆ, ಪಕ್ಕದ ಹೆಚ್ಚಿನ ನೆಲ ಸೇರಿಸಿಕೊಂಡಾಗ.

ಕಥೆ ಶುರುವಾಗುವುದು ಶಿವಡಿಯಿಂದ. 1830ರ ದಶಕದಲ್ಲಿ ಪಶ್ಚಿಮ ಭಾರತದ ಕೃಷಿ-ತೋಟಗಾರಿಕೆ ಸಂಘ ಅಲ್ಲಿ ಒಂದು ತೋಟ ಮಾಡಿತ್ತು. ಅದಕ್ಕೆ ಕಣ್ಣಾಗಿದ್ದವರು ಜಾನ್ ಗ್ರಹಾಂ, ಅಂಚೆ ಇಲಾಖೆಯ ಅಧಿಕಾರಿ. ಕಾಗದಪತ್ರಗಳ ಕೆಲಸ ಮುಗಿಸಿ ಗಿಡಗಳ ಹಿಂದೆ ಹೋಗುತ್ತಿದ್ದ ಈ ಮನುಷ್ಯ ಮುಂಬೈ ಮತ್ತು ಸುತ್ತಮುತ್ತ ಬೆಳೆಯುವ ಸಸ್ಯಗಳ ಪಟ್ಟಿಯೊಂದನ್ನು ಬರೆದರು. 1839ರಲ್ಲಿ ಅದು ಅಚ್ಚಿನಲ್ಲಿರುವಾಗಲೇ ಖಂಡಾಲದಲ್ಲಿ ತೀರಿಕೊಂಡರು, ವಯಸ್ಸು ಮೂವತ್ತನಾಲ್ಕರ ಆಸುಪಾಸು. ಉಳಿದ ಪುಟಗಳನ್ನು ಗೆಳೆಯ ಜೋಸೆಫ್ ನಿಮ್ಮೊ ಪೂರೈಸಿ ಹೊರತಂದರು. ಮುಂಬೈಯ ಮರಗಳ ಬಗ್ಗೆ ಬರೆಯುವವರು ಇವತ್ತಿಗೂ ಮೊದಲು ತಿರುವಿ ಹಾಕುವುದು ಆ ಪುಸ್ತಕವನ್ನೇ. ಗ್ರಹಾಂ ನಡೆದಾಡಿದ ತೋಟದ ನೆಲ ಮಾತ್ರ ಉಳಿಯಲಿಲ್ಲ. 1865ರ ಹೊತ್ತಿಗೆ ಅದು ಶಿವಡಿಯ ಕ್ರೈಸ್ತ ಸ್ಮಶಾನವಾಯಿತು.

ಅಷ್ಟರಲ್ಲಿ ಸಂಘ ಬೈಕುಲ್ಲಾದಲ್ಲಿ 33 ಎಕರೆ ಹಿಡಿದು ಹೊಸ ತೋಟ ಕಟ್ಟಲು ತೊಡಗಿತ್ತು. ಇಲ್ಲಿ ನನಗೆ ಎದೆ ತುಂಬುವ ಒಂದು ಮಾತಿದೆ. ಈ ತೋಟಕ್ಕೂ ಅದರ ಪಕ್ಕದ ವಸ್ತುಸಂಗ್ರಹಾಲಯಕ್ಕೂ ಜೀವ ತುಂಬಿದ ಜಾರ್ಜ್ ಬರ್ಡ್‌ವುಡ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, 1832ರಲ್ಲಿ. ವೈದ್ಯರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಔಷಧ ದ್ರವ್ಯಗಳ ಪಾಠ ಹೇಳುತ್ತಿದ್ದರು. 1857ರಲ್ಲಿ ಹುಟ್ಟಿದ ಮುಂಬೈ ವಿಶ್ವವಿದ್ಯಾಲಯಕ್ಕೆ ರಿಜಿಸ್ಟ್ರಾರ್ ಆಗಿಯೂ ದುಡಿದರು. ಗ್ರಾಂಟ್ ಮೆಡಿಕಲ್ ಇರುವುದೂ ಬೈಕುಲ್ಲಾದಲ್ಲೇ. ಆ ಕಾಲದ ವೈದ್ಯ ವಿದ್ಯಾರ್ಥಿಗೆ ಔಷಧವೆಂದರೆ ಮೊದಲು ಗಿಡ, ಆಮೇಲೆ ಸೀಸೆ. ಎಲೆ, ತೊಗಟೆ, ಅಂಟು, ಬೀಜ ಯಾವುದರದೆಂದು ಕಣ್ಣಿಂದ, ಮೂಗಿಂದ, ಬೆರಳಿಂದ ತಿಳಿದಿರಬೇಕಿತ್ತು. ತರಗತಿಗೆ ಇಷ್ಟು ಸಮೀಪದಲ್ಲಿ ಜೀವಂತ ಪಠ್ಯ ಇರಲೆಂದು ಬಯಸಿದ ಮೇಷ್ಟರ ತೋಟ ಇದು.  ಬರ್ಡ್‌ವುಡ್ 1862ರಲ್ಲಿ ಪ್ರಕಟಿಸಿದ, ಮುಂಬೈ ಪ್ರಾಂತದ ಸಸ್ಯೋತ್ಪನ್ನಗಳ ಪಟ್ಟಿಯೂ ಇದೇ ಹುರುಪಿನ ಫಲ. ಅವರ ಜೊತೆಗೆ ಮುಂಬೈಯ ಗಣ್ಯರಾದ ಡಾ. ಭಾವು ದಾಜಿ ಲಾಡ್, ನಾನಾ ಶಂಕರಶೇಟ್ ಹೆಗಲು ಕೊಟ್ಟರು. 1862ರ ನವೆಂಬರ್ 19ರಂದು ಗವರ್ನರ್ ಫ್ರೀರ್ ಅವರ ಪತ್ನಿ ತೋಟವನ್ನು ಸಾರ್ವಜನಿಕರಿಗೆ ತೆರೆದರು. ವಿಕ್ಟೋರಿಯಾ ಗಾರ್ಡನ್ಸ್ ಎಂದು ಹೆಸರಾಯಿತು. ಜನ ತಮ್ಮ ಬಾಯಿಗೆ ಒಗ್ಗುವಂತೆ ರಾಣಿ ಬಾಗ್ ಅಂದರು. ಈಗಿನ ಅಧಿಕೃತ ಹೆಸರು ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. 1873ರಲ್ಲಿ ನಗರಪಾಲಿಕೆ ವಹಿಸಿಕೊಂಡ ಮೇಲೆ ಇಂದಿನವರೆಗೂ ಅದರ ಕೈಯಲ್ಲೇ ಇದೆ.

ಒಳಗೆ ಕಾಲಿಡುವ ಮೊದಲು ವಸ್ತುಸಂಗ್ರಹಾಲಯದ ಪಕ್ಕದ ಕಲ್ಲಾನೆಯನ್ನು ಕಣ್ತುಂಬ ನೋಡಿ. ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ತಂದದ್ದು ಇದೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ಚೂರಾಯಿತು. ಆ ಚೂರುಗಳನ್ನು ಈ ತೋಟಕ್ಕೆ ತಂದಿಟ್ಟರು. 1914ರಲ್ಲಿ ತುಂಡಿಗೆ ತುಂಡು ಜೋಡಿಸಿ ಮತ್ತೆ ನಿಲ್ಲಿಸಿದರು. ಬೆಸೆದ ಗೆರೆಗಳು ಕಪ್ಪು ಕಲ್ಲಿನ ಮೈಮೇಲೆ ಈಗಲೂ ಕಾಣುತ್ತವೆ.

ಊರ್ವಶಿಗೆ ಈ ತೋಟದಲ್ಲಿ ಇಬ್ಬರು ಸೋದರಿಯರಿದ್ದಾರೆ, ಮೂವರನ್ನೂ ಒಂದೇ ಸುತ್ತಿನಲ್ಲಿ ನೋಡುವುದು ರಾಣಿಬಾಗಿನ ಅತ್ಯುತ್ತಮ ಸುಖ. ಒಬ್ಬಳು ನಮ್ಮದೇ ಅಶೋಕ. ಬೀದಿಬದಿಯಲ್ಲಿ ನೆಟ್ಟಗೆ ಕಂಬವಾಗಿ ನಿಲ್ಲುವ ಮರವಲ್ಲ. ಸೀತೆ ಕೂತಿದ್ದ, ಕವಿಗಳು ಹಾಡಿದ ನಿಜವಾದ ಅಶೋಕ, ಪಶ್ಚಿಮ ಘಟ್ಟದ ತೊರೆಯಂಚಿನ ಮರ. ಹೂವು ಮುದುರಿದ ಗುಂಪಾಗಿ ಕೊಂಬೆಗೂ ಕಾಂಡಕ್ಕೂ ಅಂಟಿಕೊಂಡೇ ಅರಳುತ್ತದೆ. ಬೆಳಿಗ್ಗೆ ಅರಳಿದ್ದು ಹಳದಿ ಬೆರೆತ ಕಿತ್ತಳೆ, ಹಳತಾದದ್ದು ಕುಂಕುಮ, ಒಂದೇ ಗೊಂಚಲಿನಲ್ಲಿ ಎರಡೂ. ಉದ್ದನೆಯ ಕೇಸರಗಳು ಗೊಂಚಲಿಗೆ ನವಿರಾದ ಮಬ್ಬು ಹೊದಿಸುತ್ತವೆ. ಇನ್ನೊಬ್ಬಳು ಬ್ರೌನಿಯಾ, ದಕ್ಷಿಣ ಅಮೆರಿಕದವಳು. ಅವಳ ಹೂವು ನೋಡಬೇಕಾದರೆ ನೀವು ಬಗ್ಗಬೇಕು. ಅಂಗೈ ತುಂಬುವ ಕೆಂಪು ಚೆಂಡು ಎಲೆಗಳ ಕೆಳಗೆ, ನೆರಳಿನಲ್ಲಿ, ಯಾರಿಗೂ ಕಾಣದಂತೆ ನೇತಿರುತ್ತದೆ. ದಾರಿಯಲ್ಲಿ ನೇರ ನಡೆದವರಿಗೆ ಅಲ್ಲೊಂದು ಹಸಿರು ಗಿಡ ಮಾತ್ರ ಕಂಡೀತು.

ಇವರ ಸಂಬಂಧ ಗೊತ್ತಾಗುವುದು ಹೂವಿನಿಂದಲ್ಲ, ಚಿಗುರಿನಿಂದ. ಅಶೋಕದ ಎಳೆ ಎಲೆ ಹೀಗೆಯೇ ಕೆನ್ನೀಲಿ ಬೆರೆತ ಕಂದಾಗಿ ಜೋತು ಬೀಳುತ್ತದೆ. ಬ್ರೌನಿಯಾದ ಎಳೆ ಎಲೆ ಕಂದು ಮೈಮೇಲೆ ತಿಳಿ ಚುಕ್ಕೆಗಳನ್ನಿಟ್ಟುಕೊಂಡು ಹೀಗೆಯೇ ಜೋತು ಬೀಳುತ್ತದೆ. ಒಂದು ಭಾರತದ್ದು, ಒಂದು ಬರ್ಮಾದ್ದು, ಒಂದು ಸಾಗರದಾಚೆಯ ಅಮೆರಿಕದ್ದು. ಯಾರೂ ಯಾರನ್ನೂ ನೋಡದೆ ಯುಗಗಳು ಕಳೆದ ಮೇಲೆ, ಒಂದೇ ಮನೆತನದ ಈ ಮೂವರೂ ಎಲೆಯನ್ನು ಲೋಕಕ್ಕೆ ತರುವ ಆ ಒಂದು ಪದ್ಧತಿಯನ್ನು ಬಿಟ್ಟಿಲ್ಲ. ಪುಸ್ತಕದಲ್ಲಿ ಕುಲ, ಉಪಕುಲ ಎಂದು ಓದಿದಾಗ ಮನಸ್ಸಿಗೆ ಇಳಿಯದ ವಿಷಯ ಇಲ್ಲಿ ಕಣ್ಣಿಗೆ ಇಳಿಯುತ್ತದೆ. ಬರ್ಡ್‌ವುಡ್ ಬಯಸಿದ್ದ ಪಾಠ ಇದೇ ಇರಬೇಕು.

ನಾಗಲಿಂಗದ ಮರ ನಮಗೆ ದೇವಸ್ಥಾನದ ಅಂಗಳದಿಂದಲೇ ಪರಿಚಯ, ಮರಾಠಿಗರಿಗೆ ಇದು ಕೈಲಾಸಪತಿ. ಹುಟ್ಟಿದ್ದು ಮಾತ್ರ ದಕ್ಷಿಣ ಅಮೆರಿಕದ ಕಾಡಿನಲ್ಲಿ. ಕಾಂಡದ ಸುತ್ತ ಜಡೆಜಡೆಯಾಗಿ ಇಳಿದ ಗಂಟುಗಂಟಾದ ರೆಂಬೆಗಳಲ್ಲಿ ಹೂ, ಎಲೆಯ ಗೊಡವೆಯೇ ಇಲ್ಲ. ದಪ್ಪ, ಜಿಗುಟು, ಮಾಂಸಲ ದಳಗಳು. ಹೊರಗೆ ಹಳದಿಗೆ ತಿರುಗುವ, ಒಳಗೆ ಕೆನ್ನೇರಳೆಯ ಬಣ್ಣ. ಪರಿಮಳ ಹತ್ತು ಹೆಜ್ಜೆ ಆಚೆಗೇ ಬಂದು ಎದುರುಗೊಳ್ಳುತ್ತದೆ. ಒಂದು ಹೂವನ್ನು ಅಂಗೈಯಲ್ಲಿಟ್ಟುಕೊಂಡು ನಿಧಾನವಾಗಿ ನೋಡಿ. ಹೆಡೆ ಎಂದು ನಾವು ಕೈಮುಗಿಯುವ ಭಾಗದಲ್ಲೂ ಕೇಸರಗಳಿವೆ, ಅದರ ಅಡಿಯ ಉಂಗುರದಲ್ಲೂ ಕೇಸರಗಳಿವೆ. ಎರಡೂ ಒಂದೇ ಅಲ್ಲ. ಹೆಡೆಯ ಪರಾಗ ದುಂಬಿಗೆ ಊಟ. ಕೆಳಗಿನ ಉಂಗುರದ ಪರಾಗವೇ ಬೀಜ ಕಟ್ಟುವಂಥದು. ಊಟಕ್ಕೆ ಹೆಡೆಯ ಕೆಳಗೆ ನುಸುಳಿದ ದುಂಬಿಯ ಬೆನ್ನಿಗೆ ಅಥವಾ ಮೈಗೆ ಅದು ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಇಷ್ಟು ಅಚ್ಚುಕಟ್ಟಾದ ಆತಿಥ್ಯ ನಾನು ಬೇರೆ ಹೂವಿನಲ್ಲಿ ಕಂಡಿಲ್ಲ.

ಆಫ್ರಿಕಾದ ಬಾವೊಬಾಬ್ ಮುಂದೆ ನಿಂತಾಗ ಉತ್ತರ ಕರ್ನಾಟಕದವರಿಗೆ ಸವಣೂರು ನೆನಪಾಗದೆ ಇರದು. ದೊಡ್ಡಹುಣಸೆ ಮಠದ ಅಂಗಳದಲ್ಲಿ ನಿಂತ ಆ ಮೂರು ಮಹಾಕಾಯಗಳು ಇದೇ ಜಾತಿಯವು. ಮುಂಬೈಯವರು ಇದನ್ನು ಗೋರಖ ಚಿಂಚ ಅನ್ನುತ್ತಾರೆ. ವರ್ಷದ ಬಹುಪಾಲು ಬೋಳು. ಆ ಬೋಳು ದಿನಗಳಲ್ಲೇ ಇದರ ತೊಗಟೆಯನ್ನು ಸವಿಯಬೇಕು. ಬೂದು ಬಣ್ಣ, ಅದರೊಳಗೆ ತೆಳುವಾದ ಕೆನೆ, ಎಲ್ಲೋ ಒಂದೆಡೆ ನಸುಗೆಂಪು. ಮಡಿಕೆಗಳು, ಗುಳಿಗಳು, ಹಳೆಯ ಗಾಯ ಮಾಗಿ ಕೂಡಿಕೊಂಡ ಗುರುತುಗಳು. ಕೈಯಿಟ್ಟರೆ ಇಷ್ಟು ದೊಡ್ಡ ದೇಹಕ್ಕೆ ಇಷ್ಟು ನುಣುಪೇ ಎಂದು ಬೆರಗಾಗುತ್ತದೆ. ಮಳೆ ಬಂದೊಡನೆ ಬೆರಳು ಬಿಡಿಸಿದ ಎಲೆಗಳು. ಬಿಳಿಯ ದೊಡ್ಡ ಹೂ ಅರಳುವುದು ಸಂಜೆ, ಬಾವಲಿಗಳಿಗಾಗಿ. ಮರುದಿನಕ್ಕೆ ಕಂದಿ ನೆಲದಲ್ಲಿ ಬಿದ್ದಿರುತ್ತದೆ.

ಕರಾವಳಿಯಿಂದ ಬಂದವರಿಗೆ ಇನ್ನೂ ಹತ್ತಿರದ ಮರಗಳಿವೆ. ಸುರಹೊನ್ನೆಯ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ: ನಡುನರದಿಂದ ಅಂಚಿಗೆ ಕೂದಲೆಳೆಯ ಅಂತರದಲ್ಲಿ, ಒಂದಕ್ಕೊಂದು ತಾಗದೆ, ನೂರಾರು ನರಗಳು ಓಡುತ್ತವೆ. ಹಾಲುಬಿಳಿ ದಳಗಳ ನಡುವೆ ಬಂಗಾರದ ಕೇಸರಗಳ ಕುಚ್ಚು. ನಮ್ಮ ಹಿರಿಯರ ಮನೆಯ ದೀಪ ಉರಿದದ್ದು ಈ ಮರದ ಎಣ್ಣೆಯಲ್ಲಿ. ರೆಂಜೆಯ ಹೂವನ್ನು ನೆಲದಿಂದಲೇ ಆಯಬೇಕು. ಒಣಗಿದ ಮೇಲೂ ಅದರ ಕಂಪು ಪುಸ್ತಕದ ಪುಟಗಳ ನಡುವೆ ಉಳಿಯುತ್ತದೆ. ಮಳೆಗಾಲ ಮುಗಿಯುತ್ತ ಬಂದಾಗ ಗುಲ್‌ಮೊಹರಿನ ಎಲೆಯನ್ನೇ ಹೊತ್ತ ಮರವೊಂದು ಕಿತ್ತಳೆ ಹೂವಿನ ದಪ್ಪ ಗೊಂಚಲುಗಳನ್ನು ಇಳಿಬಿಟ್ಟರೆ ಗೊಂದಲ ಬೇಡ. ಅದು ಮಡಗಾಸ್ಕರಿನ ಕೋಲ್ವಿಲಿಯಾ. 1824ರಲ್ಲಿ ಬೋಜರ್ ಎಂಬ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದು. ಗುಲ್‌ಮೊಹರನ್ನು ಲೋಕಕ್ಕೆ ಪರಿಚಯಿಸಿದ್ದೂ ಅವರೇ.

ಮರವನ್ನು ಪೂರ್ತಿ ಸವಿಯಬೇಕಾದರೆ ತೋಟದಿಂದ ಧೋಬಿ ತಲಾವಿಗೆ ಹೋಗಬೇಕು. ಸೇಂಟ್ ಝೇವಿಯರ್ಸ್ ಕಾಲೇಜಿನ ಕಲ್ಲುಕಟ್ಟಡದೊಳಗೆ ಬ್ಲಾಟರ್ ಹರ್ಬೇರಿಯಂ ಇದೆ, ಒಣಗಿಸಿದ ಗಿಡಗಳ ಭಂಡಾರ. ಸ್ವಿಟ್ಜರ್ಲೆಂಡಿನಿಂದ ಬಂದ ಜೆಸುಯಿಟ್ ಪಾದ್ರಿ ಎಥೆಲ್ಬರ್ಟ್ ಬ್ಲಾಟರ್ 1906ರಲ್ಲಿ ಶುರು ಮಾಡಿದ ಕೆಲಸ. ಅವರು ತೀರಿಕೊಂಡದ್ದು 1934ರಲ್ಲಿ. 1941ರಲ್ಲಿ ಸಂಗ್ರಹಕ್ಕೆ ಅವರ ಹೆಸರಿಟ್ಟರು. ಅವರ ಹಾದಿಯಲ್ಲಿ ನಡೆದ ಫಾದರ್ ಸಂತಾಪಾವ್ ಖಂಡಾಲದ ಸಸ್ಯಸಂಪತ್ತನ್ನು ಬರೆದರು, ಮುಂದೆ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾದರು. ಇಂದು ಅಲ್ಲಿ ಲಕ್ಷಕ್ಕೂ ಹೆಚ್ಚು ಹಾಳೆಗಳು. ದಪ್ಪ ಕಾಗದದ ಮೇಲೆ ಚಪ್ಪಟೆಯಾಗಿ ಒತ್ತಿದ ಗಿಡ, ಕಾಂಡಕ್ಕೆ ನೂಲಿನ ಹೊಲಿಗೆ, ಮೂಲೆಯಲ್ಲಿ ಶಾಯಿಯ ಅಕ್ಷರ: ಹೆಸರು, ಊರು, ದಿನಾಂಕ, ಕಿತ್ತವರ ಹೆಸರು. ಬೀರು ತೆರೆದರೆ ನುಸಿಗುಳಿಗೆಯ ವಾಸನೆ. ಹಸಿರು ಕಂದಿ ತಂಬಾಕಿನ ಬಣ್ಣಕ್ಕೆ ಬಂದಿರುತ್ತದೆ. ಆದರೆ ಎಲೆಯ ನರ, ಮೊಗ್ಗಿನ ರೋಮ, ಕೇಸರದ ಎಣಿಕೆ ಯಾವುದೂ ಕೆಟ್ಟಿರುವುದಿಲ್ಲ. ತೋಟದಲ್ಲಿ ಬಣ್ಣಕ್ಕೆ ಮರುಳಾದ ಕಣ್ಣು ಇಲ್ಲಿ ಆಕಾರಕ್ಕೆ ಮರುಳಾಗುತ್ತದೆ.

ಕನ್ನಡಿಗರು ಆ ಬೀರುಗಳ ಮುಂದೆ ನಿಲ್ಲಲು ಇನ್ನೊಂದು ಕಾರಣವಿದೆ. ಉತ್ತರ ಕನ್ನಡ ಆಗ ಮುಂಬೈ ಪ್ರಾಂತದ ಜಿಲ್ಲೆ. ಅರಣ್ಯಾಧಿಕಾರಿ ಟಿ. ಆರ್. ಬೆಲ್ ಮತ್ತು ಐಸಿಎಸ್ ಅಧಿಕಾರಿ ಎಲ್. ಜೆ. ಸೆಡ್ಜ್‌ವಿಕ್ ಕಾರವಾರದ ಸುತ್ತಿನ ಕಾಡುಗಳಲ್ಲಿ ಆರಿಸಿದ ಗಿಡಗಳು ಇಲ್ಲಿವೆ. ಬೆಲ್ ನಿವೃತ್ತಿಯ ಬಳಿಕವೂ ಕಾರವಾರದಲ್ಲೇ ಉಳಿದವರು. ಬ್ಲಾಟರ್ ಜೊತೆ 1935ರಲ್ಲಿ ಮುಂಬೈ ಪ್ರಾಂತದ ಹುಲ್ಲುಗಳ ದೊಡ್ಡ ಗ್ರಂಥ ಬರೆದ ಚಾರ್ಲ್ಸ್ ಮೆಕ್ಯಾನ್ ಹುಟ್ಟಿದ್ದು 1899ರಲ್ಲಿ, ಗೋವೆಯ ಗಡಿಯ ಕ್ಯಾಸಲ್‌ರಾಕ್‌ನಲ್ಲಿ. ತೋಟಕ್ಕೆ ಬೆಳಗಾವಿಯ ಮಗು, ಭಂಡಾರಕ್ಕೆ ಕ್ಯಾಸಲ್‌ರಾಕ್‌ನ ಮಗು. ಘಟ್ಟದ ಮಳೆಯಲ್ಲಿ ಕಣ್ಣು ಬಿಟ್ಟವರಿಗೆ ಗಿಡದ ಹುಚ್ಚು ಹಿಡಿಯುವುದು ನನಗೆ ಆಶ್ಚರ್ಯವಲ್ಲ.

ಇನ್ನೊಂದು ಪುಸ್ತಕವನ್ನು ಹೆಸರಿಸದೆ ಮುಂದೆ ಹೋಗಲಾರೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಡಬ್ಲ್ಯು. ಎಸ್. ಮಿಲಾರ್ಡ್ ಜೊತೆಗೂಡಿ ಬ್ಲಾಟರ್ ಬರೆದ, ಭಾರತದ ಕೆಲವು ಸುಂದರ ಮರಗಳ ಬಗೆಗಿನ ಪುಸ್ತಕ. ಮೊದಲು ಸೊಸೈಟಿಯ ಪತ್ರಿಕೆಯಲ್ಲಿ ಬಿಡಿಯಾಗಿ ಬಂದು 1937ರಲ್ಲಿ ಪುಸ್ತಕವಾಯಿತು. ಬಣ್ಣದ ಚಿತ್ರಗಳು, ಖಚಿತವಾದ ವಿವರಣೆ, ಜೊತೆಗೆ ಮರವನ್ನು ಪ್ರೀತಿಸುವವರ ಸಲುಗೆಯ ಮಾತು. ವಿಜ್ಞಾನಿ ತಾನು ಮೆಚ್ಚಿದ್ದನ್ನು ಮೆಚ್ಚಿದೆನೆಂದು ಹೇಳಲು ಅಳುಕದ ಬರವಣಿಗೆ ಅದು. ಅದನ್ನು ಕಂಕುಳಲ್ಲಿಟ್ಟುಕೊಂಡು ರಾಣಿಬಾಗ್ ಸುತ್ತುವುದಕ್ಕಿಂತ ದೊಡ್ಡ ಸಿರಿತನ ಮುಂಬೈಯಲ್ಲಿ ನನಗೆ ಕಾಣದು.

2007ರಲ್ಲಿ ಮೃಗಾಲಯವನ್ನು ಆಧುನಿಕಗೊಳಿಸುವ ದೊಡ್ಡ ಯೋಜನೆ ಬಂತು. ಮರಗಳಿಗೆ ಕುತ್ತೆಂದು ಕಂಡ ನಾಗರಿಕರು ಎದ್ದು ನಿಂತರು. ಅವರ ಮುಂದಾಳುಗಳಲ್ಲಿ ಹೆಂಗಸರೇ ಹೆಚ್ಚು. ಹೋರಾಟದ ನಡುವೆಯೇ ತೋಟದ ಗಿಡಮರಗಳನ್ನು ಗುರುತಿಸಿ, ಅವುಗಳ ಚರಿತ್ರೆ ಕಲೆಹಾಕಿ, ತೋಟದ 150ನೆಯ ವರ್ಷವಾದ 2012ರಲ್ಲಿ ಅದನ್ನು ಪುಸ್ತಕವಾಗಿಸಿದರು. ಗ್ರಹಾಂ ಶಿವಡಿಯಲ್ಲಿ ಕೂತು ಮಾಡಿದ ಕೆಲಸವನ್ನೇ ಇವರೂ ಮಾಡಿದರು. ಈ ಸಲ ನೆಲ ಕೈಬಿಡಲಿಲ್ಲ. ಇವತ್ತು ನಾವು ಊರ್ವಶಿಯ ಕೆಳಗೆ ನಿಲ್ಲಬಲ್ಲೆವಾದರೆ ಅದರಲ್ಲಿ ಇವರ ಋಣ ದೊಡ್ಡದು.

ಹಾಗಾಗಿ, ಓದುಗರೇ, ಋತು ನೋಡಿ ಹೊರಡಿ. ಊರ್ವಶಿ, ಅಶೋಕ, ಬ್ರೌನಿಯಾ ಮೂವರ ಭೇಟಿಗೆ ಜನವರಿಯಿಂದ ಮಾರ್ಚ್. ಬಾವೊಬಾಬ್ ಎಲೆ ಬಿಡುವುದನ್ನು ನೋಡಲು ಜೂನ್, ಕೊಡೆ ಹಿಡಿದೇ ಹೋಗಿ. ಕೋಲ್ವಿಲಿಯಾಕ್ಕೆ ಗಣಪತಿ ಹಬ್ಬ ಮುಗಿದ ಮೇಲಿನ ವಾರಗಳು. ಮಕ್ಕಳನ್ನು ಕರೆದುಕೊಂಡು ಹೋಗಿ, ಪ್ರಾಣಿಗಳನ್ನೂ ತೋರಿಸಿ, ಆದರೆ ಎರಡು ಪಂಜರಗಳ ನಡುವೆ ನಿಧಾನ ಮಾಡಿ. ಬೈಕುಲ್ಲಾ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ನಡೆದೇ ತಲುಪಬಹುದು. ಬುಧವಾರ ತೋಟಕ್ಕೆ ರಜೆ.